ಅನಿಲದ ಬಂದರು ಕಟ್ಟಬೇಕಿದ್ದ ಕಾಕಾ

ಅವರ ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಉಗುರಿರಲಿಲ್ಲ. ತುದಿಯ ಚರ್ಮ ಮೇಣದ ಹಾಗೆ ನುಣ್ಣಗೆ, ಉಳಿದ ಕೈಗಿಂತ ಬೆಳ್ಳಗಿತ್ತು. ಸುಟ್ಟ ಗಾಯವೆಂದೇ ನಾನು ಅಂದುಕೊಂಡಿದ್ದೆ. ಒಮ್ಮೆ ಕೇಳಿದಾಗ ನಕ್ಕು, ಬೆಂಕಿ ಅಲ್ಲ, ಥಂಡಿ ಅಂದರು. ಪ್ರಾಯದಲ್ಲಿ ಕೊಲ್ಲಿ ದೇಶವೊಂದರಲ್ಲಿ ಕೆಲಸ ಮಾಡುವಾಗ ಪೈಪಿನ ಜೋಡಣೆ ಸಡಿಲವಾಗಿ, ದ್ರವ ಸಾರಜನಕ ಅವರ ಕೈಗವಸಿನೊಳಗೆ ಇಳಿದಿತ್ತಂತೆ. ನೋವೇ ಗೊತ್ತಾಗಲಿಲ್ಲವಂತೆ. ಗವಸು ತೆಗೆದಾಗ ಬೆರಳುಗಳು ಸೀಮೆಸುಣ್ಣದ ಹಾಗೆ ಬಿಳಿಚಿ ನಿಂತಿದ್ದವಂತೆ. ಇದನ್ನು ಹೇಳುವಾಗ ಆ ಬೆರಳುಗಳನ್ನು ಬೇರೆ ಯಾರದೋ ಎಂಬ ಹಾಗೆ ಎತ್ತಿ ಹಿಡಿದು ನೋಡುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಮೈಸೂರಿನಿಂದ ಡಚ್ಚರ ನಾಡಿನ ಹಾರ್ಲೆಮ್‌ಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಪೂರ್ತಿ ಕಂಡಿರಲಿಲ್ಲ. ದೊಡ್ಡ ದೊಡ್ಡ ಟ್ಯಾಂಕು, ಹಡಗು ನಿಲ್ಲುವ ಜೆಟ್ಟಿಗಳ ವಿನ್ಯಾಸ ಮಾಡುವ ಒಂದು ಕಂಪನಿಯಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಒಂದು ಬೆಳಿಗ್ಗೆ ಕಾಫಿ ಯಂತ್ರ ನನ್ನ ಲೋಟಕ್ಕೆ ಬರೀ ಬಿಸಿನೀರು ಸುರಿಯಿತು. "ಅಯ್ಯೋ, ಇದರ ಮನೆ ಹಾಳಾಗ" ಎಂದು ಗೊಣಗಿದೆ. ಹಿಂದಿನಿಂದ ಯಾರೋ ಶಾಂತವಾಗಿ, "ಅದರ ಮನಿ ಯಾವಾಗೋ ಹಾಳಾಗೈತಿ. ಎರಡು ಸಲ ಒತ್ತಬೇಕು" ಎಂದರು. ತಿರುಗಿ ನೋಡಿದರೆ, ನೀಟಾಗಿ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ನರೆತ ಗಡ್ಡ, ಎಣ್ಣೆ ಹಚ್ಚಿ ಬಾಚಿದ ತಲೆ. ವಿಜಾಪುರದವರು. ಆ ದೇಶಕ್ಕೆ ಬಂದು ಬಹಳ ವರ್ಷವಾಗಿತ್ತು. ಆಫೀಸಿನಲ್ಲಿ ಕನ್ನಡ ಆಡುವ ಇನ್ನೊಬ್ಬರು ಸಿಕ್ಕದ್ದು ಅವರಿಗೂ ಅದೇ ಮೊದಲಂತೆ. ನಾನು ಸರ್ ಅಂದೆ. ಡಚ್ಚರ ಆಫೀಸಿನಲ್ಲಿ ಯಾರೂ ಯಾರಿಗೂ ಸರ್ ಅನ್ನುವುದಿಲ್ಲ, ಹೆಸರು ಹಿಡಿದು ಕರೆಯುತ್ತಾರೆ, ನಿನಗೆ ಅದು ಬಾಯಿಗೆ ಬರಲಿಕ್ಕಿಲ್ಲ, ಅದಕ್ಕೆ ಕಾಕಾ ಅನ್ನು, ನಮ್ಮಾಕೆಗೆ ಚಾಚಿ ಅಂದರೆ ಖುಷಿ ಆಗುತ್ತದೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟರು.

ಕಾಕಾ ಸಾಧು ಮನುಷ್ಯರೇನಲ್ಲ. ಮೀಟಿಂಗಿನಲ್ಲಿ ಬೇರೆಯವರ ಮಾತು ಮುಗಿಯಲು ಬಿಡುತ್ತಿರಲಿಲ್ಲ. ಅಂಗಿಯ ಬಗ್ಗೆ ಭಾರಿ ಶೋಕಿ. ಸೈಕಲ್ ತುಳಿದು ಬರುವಾಗ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ, ಎದುರುಗಾಳಿಗೆ ಕೆಟ್ಟದಾಗಿ ಬೈಯುತ್ತಾ ಬರುತ್ತಿದ್ದರು. ಡಚ್ಚರ ಮಜ್ಜಿಗೆ ಡಬ್ಬದಲ್ಲಿ ಬರುತ್ತದೆ. ಅದಕ್ಕೆ ಮನೆಯಿಂದ ತಂದ ಉಪ್ಪು, ಜೀರಿಗೆ ಪುಡಿ ಬೆರೆಸಿ, ಬ್ರೆಡ್ಡು ಚೀಸು ತಿನ್ನುತ್ತಿದ್ದ ಸಹೋದ್ಯೋಗಿಗಳಿಗೆಲ್ಲ ಬಲವಂತವಾಗಿ ಕುಡಿಸುತ್ತಿದ್ದರು. ಆದರೆ ನನ್ನ ಪರ್ಮಿಟ್ಟಿನ ವಿಚಾರದಲ್ಲಿ ವಿದೇಶಿಯರ ಪೊಲೀಸ್ ಕಚೇರಿ ಸತಾಯಿಸಿದಾಗ, ರಜೆ ಹಾಕಿ ನನ್ನ ಜೊತೆ ಬಂದು, ಸರದಿಯಲ್ಲಿ ನಿಂತು, ಡಚ್ಚಿನಲ್ಲಿ ನನ್ನ ಪರವಾಗಿ ವಾದಿಸಿದ್ದು ಅವರೇ. ಬಾಡಿಗೆ ಕೋಣೆ ಹುಡುಕಿ ಕೊಟ್ಟದ್ದೂ ಅವರೇ. ಭಾನುವಾರ ಅವರ ಮನೆಯಲ್ಲಿ ಊಟ. ಚಾಚಿ ದಖನಿ ಉರ್ದುವಿನಲ್ಲಿ ಕೇಳುವರು, ಕಾಕಾ ಕನ್ನಡದಲ್ಲಿ ಹೇಳುವರು, ಟಿಲ್‌ಬರ್ಗ್‌ನಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದಿದ್ದರೆ ಇಬ್ಬರಿಗೂ ಡಚ್ಚಿನಲ್ಲಿ ಉತ್ತರ ಕೊಡುವಳು. ಆ ಮನೆ ಇಲ್ಲದಿದ್ದರೆ ನಾನು ಮೊದಲ ವರ್ಷವೇ ಗಂಟುಮೂಟೆ ಕಟ್ಟಿ ವಾಪಸು ಹೋಗುತ್ತಿದ್ದೆ.

ಆಗ ನಮ್ಮ ತಂಡದ ಕೈಯಲ್ಲಿದ್ದದ್ದು ಪೂರ್ವದ ದ್ವೀಪ ರಾಷ್ಟ್ರವೊಂದರ ಕೆಲಸ. ಅದರ ಹೆಸರು ಇಲ್ಲಿ ಬೇಡ. ಆ ದೇಶದ ಒಂದು ಮೂಲೆಯ ಪ್ರಾಂತ್ಯದಲ್ಲಿ, ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತ್ತು. ಅನಿಲವನ್ನು ವಿಪರೀತ ತಂಪು ಮಾಡಿದರೆ ನೀರಿನಂತೆ ದ್ರವವಾಗುತ್ತದೆ. ಹಿಡಿಸುವ ಜಾಗ ತೀರಾ ಕಮ್ಮಿ ಆಗುತ್ತದೆ, ಹಡಗಿಗೆ ತುಂಬಿ ಹೊರದೇಶಕ್ಕೆ ಮಾರಬಹುದು. ಆದರೆ ಅದಕ್ಕೆ ತಂಪು ಮಾಡುವ ಕಾರ್ಖಾನೆ, ಟ್ಯಾಂಕುಗಳು, ಜೆಟ್ಟಿ, ಆಳದ ಬಂದರು, ರಸ್ತೆ, ವಿದ್ಯುತ್ತು ಎಲ್ಲವೂ ಬೇಕು. ಅಷ್ಟನ್ನು ಯಾವ ಕಂಪನಿಯೂ ಒಂಟಿಯಾಗಿ ಮಾಡಲಾರದು. ಅಲ್ಲಿನ ಸರ್ಕಾರ ಬಂದರಿನ ಹೂಳು ತೆಗೆಸಿಕೊಡುತ್ತೇನೆ, ಜಮೀನು ಕೊಡುತ್ತೇನೆ, ತೆರಿಗೆ ಬಿಡುತ್ತೇನೆ, ಸಾಲಕ್ಕೆ ಜಾಮೀನು ನಿಲ್ಲುತ್ತೇನೆ ಎಂದಿತ್ತು. ಇಲ್ಲಿಂದ ಹೋಗುವ ಯಂತ್ರ, ವಿನ್ಯಾಸಗಳ ರಫ್ತಿಗೆ ವಿಮೆಯ ಆಸರೆ ಸಿಗುವುದೆಂಬ ಮಾತು ಡಚ್ ಸರ್ಕಾರದ ಕಚೇರಿಗಳಿರುವ ಹೇಗ್‌ನಿಂದ ಬಂದಿತ್ತು. ಅನಿಲ ಕೊಳ್ಳಲು ಪೂರ್ವ ಏಷ್ಯಾದ ವಿದ್ಯುತ್ ಕಂಪನಿಗಳು ತಯಾರಿದ್ದವು. ಆ ಹಿಂದುಳಿದ ಪ್ರಾಂತ್ಯ ಒಂದೇ ಏಟಿಗೆ ಮೇಲೆ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಕಾಕಾ.

ಅವರು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ್ದು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಅವರ ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಮೇಸ್ತ್ರಿ. ಊರಿಗೆ ಬಸ್ಸು, ದೀಪ, ನಲ್ಲಿ ನೀರು ಎಲ್ಲ ಬಂದದ್ದು ಅವರ ಕಣ್ಣೆದುರಿಗೇ. ಸರ್ಕಾರವನ್ನು ಯಾರಾದರೂ ಹಗುರವಾಗಿ ಆಡಿದರೆ ರೇಗುತ್ತಿದ್ದರು. "ಮಂತ್ರಿ ಬರ್ತಾನ, ಹೋಗ್ತಾನ, ತಂಗಿ. ಸರ್ಕಾರದ ಸಹಿ ಹೋಗೂದಿಲ್ಲ" ಎಂದು ನನಗೆ ಎಷ್ಟೋ ಸಲ ಹೇಳಿದ್ದರು.

ಜೆಟ್ಟಿ ಬರಬೇಕಾದ ಮರಳುದಂಡೆಯ ಮೇಲೆ ಮೀನುಗಾರರ ಒಂದು ಹಳ್ಳಿಯಿತ್ತು. ಹಳ್ಳಿಯವರು ಮುಸ್ಲಿಮರು. ಕಂಪನಿಯವರು ಮಾತುಕತೆಗೆ ಕಾಕಾ ಅವರನ್ನೇ ಮುಂದೆ ಮಾಡಿದರು. ಯಾಕೆಂದು ಕಾಕಾಗೂ ಗೊತ್ತಿತ್ತು. ನನ್ನ ಡಿಗ್ರಿ ನೋಡಿ ಅಲ್ಲ, ನನ್ನ ಗಡ್ಡ ನೋಡಿ ಕಳಿಸುತ್ತಿದ್ದಾರೆ ಎಂದು ತಮಾಷೆ ಮಾಡುತ್ತಿದ್ದರು. ಆದರೂ ಹೋದರು. ಹೋಗಿ ಬಂದು ಆ ಭಾಷೆಯನ್ನು ಅಷ್ಟಿಷ್ಟು ಕಲಿತರು. ಒಮ್ಮೆ ನಕ್ಷೆಗಳನ್ನು ಹೊತ್ತು ನಾನೂ ಜೊತೆಗೆ ಹೋದೆ.

ಮಸೀದಿಯ ಮುಂದೆ ತೆಂಗಿನ ಗರಿಯ ಚಪ್ಪರದ ಕೆಳಗೆ ಸಭೆ. ಪ್ರಾಂತ್ಯದ ಅಧಿಕಾರಿಗಳು ಧ್ವನಿವರ್ಧಕ ಇಟ್ಟುಕೊಂಡು ಮಾತಾಡಿದರು. ಒಳನಾಡಿನಲ್ಲಿ ಹೊಸ ಕಾಲೊನಿ, ಅಲ್ಲಿಗೆ ನೀರಿನ ಪೈಪು, ದೋಣಿಗಳು ಬಂದು ನಿಲ್ಲಲು ಬೇರೆ ಕಡೆ ಒಂದು ಧಕ್ಕೆ, ಅಲ್ಲಿಗೆ ಹೋಗಿಬರಲು ರಸ್ತೆ, ಮಕ್ಕಳಿಗೆ ವೆಲ್ಡಿಂಗ್ ತರಬೇತಿ, ಆಮೇಲೆ ಕಾರ್ಖಾನೆಯಲ್ಲಿ ಕೆಲಸ. ಹಳ್ಳಿಯವರು ಸುಮ್ಮನೆ ಕೇಳಿದರು, ಯಾರೂ ತಲೆಯಾಡಿಸಲಿಲ್ಲ. ಅಧಿಕಾರಿಗಳು ಜೀಪು ಹತ್ತಿ ಹೋದ ಮೇಲೆ ಮಧ್ಯಾಹ್ನದ ನಮಾಜು ಆಯಿತು. ಕಾಕಾ ಹಳ್ಳಿಯವರೊಂದಿಗೆ ಸಾಲಿನಲ್ಲಿ ನಿಂತರು. ನಮಾಜು ಮುಗಿದ ಮೇಲೆ ಹಳ್ಳಿಯ ಹಿರಿಯರು ಕಾಕಾ ಪಕ್ಕದಲ್ಲೇ ಕೂತರು. ಬಿಸಿಲಿಗೆ ಕಪ್ಪಾದ, ಒಣಕಲು ಮೈಯ ಮನುಷ್ಯ. ಹಿರಿಯರು ಕೇಳಿದ್ದನ್ನು ಹಳ್ಳಿಯ ಶಾಲೆಯ ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸಿ ಹೇಳಿದರು: ಜೀಪಿನವರು ಹೇಳಿದ್ದು ಕೇಳಿಸಿತು, ಅದು ಅವರ ಕೆಲಸ. ನೀವು ಹೇಳಿ. ಇದು ಆಗುತ್ತದಾ?

ಕಾಕಾ ತಡಮಾಡಲಿಲ್ಲ. ಆಗುತ್ತದೆ, ಸರ್ಕಾರ ಸಹಿ ಹಾಕಿದೆ, ನಾನೇ ಕಣ್ಣಾರೆ ನೋಡಿದ್ದೇನೆ ಅಂದರು. ಅದು ನಿಜವೇ ಆಗಿತ್ತು. ಹಿರಿಯರು ಅವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಆಮೇಲೆ ತಮ್ಮ ಎದೆಗೆ ಮುಟ್ಟಿಸಿಕೊಂಡರು. ಆ ಹಳ್ಳಿ ಒಪ್ಪಿತು.

ಕಾಲೊನಿಯ ಮನೆಗಳು ಬೇಗನೆ ಎದ್ದವು. ಜನ ಸಾಮಾನು ಹೊತ್ತು ಅಲ್ಲಿಗೆ ಹೋದರು. ಮರಳುದಂಡೆಯ ಗುಡಿಸಲುಗಳನ್ನು ಕೆಡವಿ ಬೇಲಿ ಹಾಕಿದರು. ಹುಡುಗರ ವೆಲ್ಡಿಂಗ್ ತರಗತಿ ಶುರುವಾಯಿತು. ಹಿರಿಯರ ಕಿರಿಯ ಮಗನೂ ಸೇರಿದ್ದಾನೆಂದು ಕಾಕಾ ಹೆಮ್ಮೆಯಿಂದ ಹೇಳಿದರು. ನಾವು ಟ್ಯಾಂಕಿನ ತಳಪಾಯದ ನಕ್ಷೆಗಳನ್ನು ಮುಗಿಸುತ್ತಿದ್ದೆವು.

ಅಷ್ಟರಲ್ಲಿ ಪೂರ್ವ ಏಷ್ಯಾದ ನಾಣ್ಯಗಳು ಒಂದರ ಹಿಂದೆ ಒಂದು ಬಿದ್ದವು. ಮೊದಮೊದಲು ಅದು ಪತ್ರಿಕೆಯ ಸುದ್ದಿ ಮಾತ್ರ. ಆಮೇಲೆ ಅನಿಲ ಕೊಳ್ಳಬೇಕಿದ್ದವರು ಸದ್ಯಕ್ಕೆ ಬೇಡ ಅಂದರು. ಕೊಳ್ಳುವವರೇ ಇಲ್ಲದಾಗ ಬ್ಯಾಂಕುಗಳು ಹಿಂದೆ ಸರಿದವು. ಅಲ್ಲಿನ ಸರ್ಕಾರವೇ ಬದಲಾಯಿತು. ಹೊಸ ಸರ್ಕಾರದ ಬೊಕ್ಕಸದಲ್ಲಿ ಏನೂ ಇರಲಿಲ್ಲ. ಜಾಮೀನನ್ನು ತಡೆಹಿಡಿಯಿತು. ಜಾಮೀನಿಲ್ಲದ ಕೆಲಸಕ್ಕೆ ಇಲ್ಲಿ ವಿಮೆ ಕೊಡುವುದಾದರೂ ಹೇಗೆ? ಅದೂ ಪರಿಶೀಲನೆಯಲ್ಲಿದೆ ಎಂದಾಯಿತು. ನಿಲ್ಲಿಸಿದ್ದೇವೆ ಎಂದು ಯಾರೂ ಹೇಳಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಿದ್ದೇವೆ ಎಂದರು. ನೀರಿನ ಪೈಪು ಅರ್ಧ ದಾರಿಗೆ ನಿಂತಿತು. ಮೀನುಗಾರರ ಧಕ್ಕೆಗೆ ಒಂದು ಕಲ್ಲೂ ಬೀಳಲಿಲ್ಲ. ಹೊಸ ಕಾಲೊನಿಯಿಂದ ಸಮುದ್ರ ಎಷ್ಟು ದೂರವೆಂದರೆ, ಮೀನು ಹಿಡಿಯಲು ಹೋದವರು ವಾಪಸು ಬರುವಷ್ಟರಲ್ಲಿ ಹಿಡಿದದ್ದು ಕೆಡುತ್ತಿತ್ತು.

ಫೋನುಗಳು ಶುರುವಾದವು. ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ಆಫೀಸು ತೆರೆಯುವ ಹೊತ್ತು. ಹಿರಿಯರು ಪೇಟೆಯ ಟೆಲಿಫೋನ್ ಅಂಗಡಿಗೆ ಬಂದು ಕೂರುತ್ತಿದ್ದರು. ಬೇರೆ ಯಾವ ಅಧಿಕಾರಿಗೂ ಅವರು ಫೋನ್ ಮಾಡಲಿಲ್ಲ, ಕಾಕಾಗೆ ಮಾತ್ರ. ಕಾಕಾ ಎದ್ದು ನಿಂತು ಮಾತಾಡುತ್ತಿದ್ದರು. ಸಲಾಮು, ಕ್ಷೇಮಸಮಾಚಾರ, ಯಾರಿಗೆ ಮಗುವಾಯಿತು, ಯಾರು ತೀರಿಕೊಂಡರು. ಆಮೇಲೆ ಅತ್ತ ಕಡೆಯಿಂದ ಒಂದು ಪ್ರಶ್ನೆ, ಇತ್ತ "ಬೆಲುಮ್" ಎಂಬ ಒಂದೇ ಮಾತು. ಅವರ ಭಾಷೆಯಲ್ಲಿ ಹಾಗೆಂದರೆ "ಇನ್ನೂ ಇಲ್ಲ". ಇಲ್ಲ ಎನ್ನುವುದಕ್ಕೆ ಬೇರೆಯೇ ಪದವಿದೆಯಂತೆ. ಆ ಪದ ನನ್ನ ಬಾಯಿಂದ ಹೊರಡುವುದಿಲ್ಲ, ಹೇಳಲು ನನಗೆ ಅಧಿಕಾರವೂ ಇಲ್ಲ, ನಾಳೆ ಸಹಿ ಬಂದರೂ ಬರಬಹುದು ಎಂದು ಕಾಕಾ ನನಗೆ ವಿವರಿಸುತ್ತಿದ್ದರು. ಫೋನ್ ಇಟ್ಟ ಮೇಲೆ ನಾನು ಕಾಫಿ ತಂದು ಮೇಜಿನ ಮೇಲಿಟ್ಟರೆ ತಣ್ಣಗಾಗುವವರೆಗೂ ಮುಟ್ಟುತ್ತಿರಲಿಲ್ಲ.

ಅವರು ಕೈಕಟ್ಟಿ ಕೂರಲಿಲ್ಲ. ಟ್ಯಾಂಕು ಬೇಡ, ಜೆಟ್ಟಿ ಬೇಡ, ಆ ಪೈಪನ್ನೂ ಧಕ್ಕೆಯನ್ನೂ ಮಾತ್ರ ಮುಗಿಸೋಣ ಎಂದು ನಮ್ಮ ನಿರ್ದೇಶಕರನ್ನು ಕೇಳಿದರು. ನಿರ್ದೇಶಕರು ಒಳ್ಳೆಯ ಮನುಷ್ಯ. ಕಾಕಾಗೆ ಕುರ್ಚಿ ಎಳೆದು ಕೊಟ್ಟು, ಆ ಕೆಲಸ ನಮ್ಮ ಒಪ್ಪಂದದಲ್ಲೇ ಇರಲಿಲ್ಲ, ಅದು ಅಲ್ಲಿನ ಸರ್ಕಾರದ ಪಾಲು, ನಮ್ಮ ತಂಡಕ್ಕೇ ಈಗ ಕೆಲಸವಿಲ್ಲ ಎಂದರು. ಎಲ್ಲವೂ ಸತ್ಯ. ಕಾಕಾ ಆ ದೇಶದ ರಾಯಭಾರ ಕಚೇರಿಗೆ ಹೋದರು. ಒಪ್ಪಂದ ಮಾಡಿಕೊಂಡ ಇಲಾಖೆಯೇ ಈಗ ಬೇರೊಂದರ ಜೊತೆ ಸೇರಿಹೋಗಿದೆ, ಯಾರನ್ನು ಕೇಳಬೇಕೆಂದು ನಮಗೂ ತಿಳಿದಿಲ್ಲ ಎಂದರು ಅಲ್ಲಿನವರು.

ಕೊನೆಗೆ ಹೇಗ್‌ನ ಸರ್ಕಾರಿ ಕಚೇರಿ. ನಕ್ಷೆ ತೋರಿಸಲು ನನ್ನನ್ನೂ ಕರೆದುಕೊಂಡು ಹೋದರು. ರೈಲಿನಲ್ಲಿ ಪೂರ್ತಿ ದಾರಿ ಹೇಳಬೇಕಾದ್ದನ್ನು ಡಚ್ಚಿನಲ್ಲಿ ಬಾಯಿಪಾಠ ಮಾಡಿದರು. ಬಾಗಿಲ ಬಳಿ ನಿಂತು ಗಾಜಿನಲ್ಲಿ ನೋಡಿಕೊಂಡು ತಲೆ ಬಾಚಿಕೊಂಡರು. ನಮ್ಮನ್ನು ಮಾತಾಡಿಸಿದ್ದು ಒಬ್ಬ ಯುವ ಅಧಿಕಾರಿ. ಕಾಫಿ, ತಟ್ಟೆಯಲ್ಲಿ ಒಂದೊಂದು ಬಿಸ್ಕತ್ತು. ಕಾಕಾ ಅಂದು ಯಾರ ಮಾತಿಗೂ ಅಡ್ಡ ಬರಲಿಲ್ಲ. ಆ ಹುಡುಗ ನಕ್ಷೆಯನ್ನು ಗಮನವಿಟ್ಟು ನೋಡಿದ, ಕಾಲೊನಿಯಿಂದ ಸಮುದ್ರದ ದೂರವನ್ನು ಬೆರಳಿನಿಂದ ಅಳೆದ, ಅವನ ಮುಖ ಸಣ್ಣಗಾಯಿತು. ಆಮೇಲೆ ಹೇಳಿದ: ನಮ್ಮ ಬೆಂಬಲ ಇಲ್ಲಿಂದ ಹೋಗುವ ಸರಕಿಗೆ, ಅಲ್ಲಿರುವ ಊರಿಗಲ್ಲ. ಆ ಊರು ಇನ್ನೊಂದು ಸರ್ಕಾರದ್ದು. ನನಗೆ ನಿಜಕ್ಕೂ ಬೇಸರವಾಗಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಲಿಫ್ಟಿನವರೆಗೂ ಬಂದು, ಬಾಗಿಲು ಹಿಡಿದು ನಿಂತು, ನಮ್ಮನ್ನು ಬೀಳ್ಕೊಟ್ಟ.

ಟ್ರಾಮ್ ನಿಲ್ದಾಣದಲ್ಲಿ ಸೋನೆ ಹನಿಯುತ್ತಿತ್ತು. ಕಾಕಾ ಟಿಕೆಟ್ಟಿನ ಪಟ್ಟಿಯನ್ನು ಕೈಯಲ್ಲಿ ಮಡಚುತ್ತ, ಬಿಚ್ಚುತ್ತ ನಿಂತಿದ್ದರು. ಬಂದ ಟ್ರಾಮನ್ನು ಹತ್ತದೆ ಬಿಟ್ಟರು.

"ಎಲ್ಲಾರೂ ಒಳ್ಳೆಯವರ ಅದಾರ, ತಂಗಿ" ಅಂದರು. "ಜಗಳ ಆಡೂಣು ಅಂದ್ರ ಒಬ್ಬರೂ ಸಿಗವಲ್ಲರು."

ಆ ಬೇಸಿಗೆಯಲ್ಲಿ ಅವರು ರಜೆ ಹಾಕಿ ತಾವೇ ಆ ಹಳ್ಳಿಯವರ ಕಾಲೊನಿಗೆ ಹೋದರು. ಚಾಚಿ ಬೇಡವೆಂದರು. ಅಲ್ಲಿ ಹೋಗಿ ಏನು ಹೇಳುತ್ತೀರಿ ಎಂದು ಕೇಳಿದರು. ಏನೂ ಹೇಳುವುದಿಲ್ಲ, ಮುಖ ತೋರಿಸಿ ಬರುತ್ತೇನೆ ಎಂದು ಹೊರಟರು. ವಾಪಸು ಬಂದಾಗ ಸೊರಗಿದ್ದರು. ಎಷ್ಟೋ ದಿನ ಆ ಮಾತೇ ಎತ್ತಲಿಲ್ಲ. ಒಂದು ಭಾನುವಾರ ಊಟ ಮಾಡುತ್ತಿದ್ದಾಗ, ಚಾಚಿ ಮೀನಿನ ಸಾರು ಬಡಿಸಲು ಬಂದರು. ಕಾಕಾ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಆಮೇಲೆ ತಾವಾಗಿಯೇ ಹೇಳತೊಡಗಿದರು.

ಹಳ್ಳಿಯವರು ಒಬ್ಬರೂ ಅವರನ್ನು ಬೈಯಲಿಲ್ಲವಂತೆ. ಬಸ್ಸು ಇಳಿದ ಕೂಡಲೇ ಹಿರಿಯರು ಬಂದು ಚೀಲ ತೆಗೆದುಕೊಂಡರಂತೆ. ಮನೆಯಲ್ಲಿ ಊಟಕ್ಕೆ ಮೀನು ಮಾಡಿದ್ದರು. ಆ ಮೀನನ್ನು ಪೇಟೆಯಿಂದ ಕೊಂಡು ತಂದಿದ್ದರು. ಹುಟ್ಟಿದಾಗಿನಿಂದ ಮೀನು ಹಿಡಿದವರು, ಕಾಕಾಗಾಗಿ ಅಂಗಡಿಯಲ್ಲಿ ಮೀನು ಕೊಂಡಿದ್ದರು. ಯಾವಾಗ ಶುರುವಾಗುತ್ತದೆ ಎಂದು ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದ ಹಿರಿಯರು ಎದುರಿಗೆ ಕೂತಾಗ ಒಮ್ಮೆಯೂ ಕೇಳಲಿಲ್ಲ. ಅತಿಥಿಯನ್ನು ಮುಜುಗರಪಡಿಸಬಾರದೆಂದು.

"ಬೈದಿದ್ರ ಚಲೋ ಇತ್ತು" ಅಂದರು ಕಾಕಾ. "ಒಂದು ಏಟು ಹೊಡೆದಿದ್ರೂ ನಡೀತಿತ್ತು."

ಅಲ್ಲಿದ್ದಷ್ಟು ದಿನ ಕೆಲಸವಿಲ್ಲದ ವೆಲ್ಡಿಂಗ್ ಹುಡುಗರನ್ನು ಕೂಡಿಸಿಕೊಂಡು, ಕಾಲೊನಿಯ ಮಸೀದಿಯ ಸೂರಿನಿಂದ ಬೀಳುವ ಮಳೆನೀರು ಹಿಡಿಯಲು ಒಂದು ಉಕ್ಕಿನ ಟ್ಯಾಂಕು ಮಾಡಿಸಿದ್ದರು. ಬೇಲಿಯೊಳಗೆ ತುಕ್ಕು ಹಿಡಿಯುತ್ತ ಬಿದ್ದಿದ್ದ ತಗಡನ್ನು ಪ್ರಾಂತ್ಯದ ಅಧಿಕಾರಿಯ ಕಾಲು ಹಿಡಿದು ಬಿಡಿಸಿಕೊಂಡಿದ್ದರಂತೆ. ಬೆಸುಗೆಗಳನ್ನು ತಾವೇ ಒಂದೊಂದಾಗಿ ನೋಡಿದ್ದರು. ಟ್ಯಾಂಕು ಚೆನ್ನಾಗಿ ಬಂದಿತ್ತು, ಒಂದು ಹನಿಯೂ ಸೋರಲಿಲ್ಲವಂತೆ. ಆದರೆ ಆ ಮಳೆಗಾಲ ಮುಗಿಯುವ ಮೊದಲೇ ಜನ ಕಾಲೊನಿ ಬಿಟ್ಟು ಹೋಗತೊಡಗಿದರು. ಕೆಲವರು ಪಟ್ಟಣದ ಕಟ್ಟಡ ಕೆಲಸಕ್ಕೆ, ಕೆಲವರು ಪಕ್ಕದ ದೇಶದ ತೋಟಗಳಿಗೆ. ಟ್ಯಾಂಕಿನಲ್ಲಿ ನೀರಿತ್ತು, ಕುಡಿಯುವವರು ಕಡಿಮೆಯಾದರು.

ಫೋನುಗಳು ಅಪರೂಪವಾದವು, ಆಮೇಲೆ ನಿಂತೇಹೋದವು. ಬೆಳಿಗ್ಗೆ ಫೋನು ರಿಂಗಾದರೆ ಕಾಕಾ ಆಗಲೂ ಎದ್ದು ನಿಲ್ಲುತ್ತಿದ್ದರು.

ನಮ್ಮ ತಂಡವನ್ನು ವಿಸರ್ಜಿಸಿದರು. ಕಾಕಾಗೆ ಹಳೆಯ ಎಣ್ಣೆ ಟ್ಯಾಂಕುಗಳ ತಪಾಸಣೆಯ ಕೆಲಸ ಕೊಟ್ಟರು. ಮೀಟಿಂಗುಗಳಲ್ಲಿ ಈಗ ಅವರು ಮಾತೇ ಆಡುತ್ತಿರಲಿಲ್ಲ, ಕೇಳಿದರೆ ಮಾತ್ರ ಉತ್ತರ. ನನಗೆ ಇಲ್ಲಿ ಮುಂದೆ ಏನೂ ಇಲ್ಲ ಎಂದು ನನಗಿಂತ ಮೊದಲು ಅರ್ಥ ಮಾಡಿಕೊಂಡವರು ಅವರು. ವೆಲ್ಡ್‌ಹೋವನ್‌ನ ಚಿಪ್ ಯಂತ್ರಗಳ ಕಂಪನಿಯಲ್ಲಿದ್ದ ಹಳೆಯ ಪರಿಚಯದವರಿಗೆ ನನ್ನ ಬಗ್ಗೆ ಹೇಳಿ, ಸಂದರ್ಶನಕ್ಕೆ ನನ್ನನ್ನು ತಯಾರು ಮಾಡಿ, ರೈಲು ಹತ್ತಿಸಿದರು. ಈಗ ನಾನು ತಿನ್ನುತ್ತಿರುವ ಅನ್ನಕ್ಕೆ ಅಂದಿನ ಆ ಮಾತೇ ಮೂಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವರು ಕೊಟ್ಟ ಬುದ್ಧಿಮಾತು ಒಂದೇ: "ಮಷೀನಿನ ಬಗ್ಗೆ ಎಷ್ಟರೆ ಮಾತು ಕೊಡು. ಬ್ಯಾರೆಯವರ ಸಹಿ ನಂಬಿ ಮಂದಿಗೆ ಮಾತು ಕೊಡಬ್ಯಾಡ." ಹೊಸ ಕೆಲಸದಲ್ಲಿ ಎಷ್ಟೋ ಸಲ, ಆಗುತ್ತದೆ ಎಂದು ಹೇಳಬೇಕಾದ ಕಡೆ ಗೊತ್ತಿಲ್ಲ ಎಂದು ಹೇಳಿ ನಾನು ಮೇಲಿನವರ ಮುನಿಸು ಕಟ್ಟಿಕೊಂಡಿದ್ದೇನೆ.

ಮುಂದಿನ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಸುದ್ದಿ ಸಿಕ್ಕಿ ಹಾರ್ಲೆಮ್‌ನ ಆಸ್ಪತ್ರೆಗೆ ಹೋದಾಗ ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು. ನನ್ನನ್ನು ಗುರುತು ಹಿಡಿದರು. ಊಟ ಮಾಡಿದೆಯಾ ಎಂದು ಸನ್ನೆಯಲ್ಲಿ ಕೇಳಿದರು. ಚಾಚಿ ಅವರ ಅಂಗಿಯ ಗುಂಡಿ ಹಾಕುತ್ತ, ನೋಡು ಬೇಟಿ, ಇಸ್ತ್ರಿ ಇಲ್ಲದ ಅಂಗಿ ಇವರು ಹಾಕಿದ್ದನ್ನು ನಾನು ನೋಡೇ ಇಲ್ಲ ಎಂದು ದಖನಿಯಲ್ಲಿ ಹೇಳಿ ಮುಖ ತಿರುಗಿಸಿಕೊಂಡರು. ವೈದ್ಯರು ಸಮಾಧಾನದ ಮಾತು ಹೇಳಿದರು. ನಾನು ವೆಲ್ಡ್‌ಹೋವನ್‌ಗೆ ಮರಳಿದ ವಾರವೇ ಇನ್ನೊಂದು ಆಘಾತವಾಗಿ ಹೋಗಿಬಿಟ್ಟರು. ಊರಿಗೆ ಒಯ್ಯಲಾಗಲಿಲ್ಲ, ಅಲ್ಲೇ ಮುಸ್ಲಿಮರಿಗೆಂದು ಬಿಟ್ಟಿದ್ದ ಜಾಗದಲ್ಲಿ ಮಣ್ಣು ಮಾಡಿದರು. ಹೆಗಲು ಕೊಟ್ಟವರು ಮೊರಾಕೊದವರು, ಟರ್ಕಿಯವರು, ಅವರಲ್ಲಿ ಹೆಚ್ಚಿನವರಿಗೆ ಕಾಕಾ ಯಾರೆಂದೇ ಗೊತ್ತಿರಲಿಲ್ಲ. ನಿರ್ದೇಶಕರು ಕೋಟು ತೊಟ್ಟು ಬಂದು, ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಹಳ್ಳಿಗೆ ತಿಳಿಸಬೇಕೆಂದು ಚಾಚಿ ಹೇಳಿದರು. ಆ ಟೆಲಿಫೋನ್ ಅಂಗಡಿಗೆ ನಾನು ಫೋನ್ ಮಾಡಿದೆ. ಅಂಗಡಿಯವನು ಶಾಲೆಯ ಮೇಷ್ಟ್ರನ್ನು ಕರೆಸಿದ. ಸುದ್ದಿ ಕೇಳಿದ ಮೇಷ್ಟ್ರು, ಶುಕ್ರವಾರ ಕಳೆದ ಮೇಲೆ ಮತ್ತೊಮ್ಮೆ ಫೋನ್ ಮಾಡಲು ಸಾಧ್ಯವೇ ಎಂದು ಕೇಳಿದರು. ಮಾಡಿದೆ. ಹಿರಿಯರೂ ಬಂದು ಕೂತಿದ್ದರು. ಅವರು ಹೇಳಿದ್ದನ್ನು ಮೇಷ್ಟ್ರು ನನಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ದೂರದಲ್ಲಿ ತೀರಿಕೊಂಡವರಿಗಾಗಿ, ದೇಹ ಎದುರಿಗಿಲ್ಲದೆಯೇ ಮಾಡುವ ನಮಾಜು ಒಂದಿದೆ. ಕಾಕಾಗಾಗಿ ಅದನ್ನು ಮಾಡಿದರಂತೆ. ಈಗ ಇಲ್ಲಿ ಹೆಚ್ಚು ಜನ ಇಲ್ಲ, ಆದರೂ ಒಂದು ಸಾಲು ತುಂಬುವಷ್ಟು ಇದ್ದೆವು ಎಂದರು.

ಚಾಚಿಗೆ ತಿಳಿಸುತ್ತೇನೆ ಅಂದೆ. ಅಷ್ಟರಲ್ಲಿ ಹಿರಿಯರು ಇನ್ನೊಂದು ಮಾತು ಕೇಳಿದರು. ಮೇಷ್ಟ್ರು ಸ್ವಲ್ಪ ಹಿಂಜರಿದು ತಿರುಗಿಸಿ ಹೇಳಿದರು: ಅವರು ಬದುಕಿದ್ದಾಗ ಎದುರಿಗೆ ಕೇಳಲು ಮನಸ್ಸಾಗಲಿಲ್ಲ. ಆ ಕೆಲಸ ಇನ್ನು ಆಗುವುದಿಲ್ಲ, ಅಲ್ಲವೇ?

ನಾನು ಆಗ ಆ ಕಂಪನಿಯವಳೂ ಅಲ್ಲ. ಹಾಗೆ ಹೇಳು ಎಂದು ಯಾವ ಸರ್ಕಾರವೂ ನನಗೆ ಹೇಳಿರಲಿಲ್ಲ. "ಆಗುವುದಿಲ್ಲ" ಅಂದೆ.

ಮೇಷ್ಟ್ರು ಅದನ್ನು ಅವರ ಭಾಷೆಯಲ್ಲಿ ಹೇಳಿದ್ದು ಕೇಳಿಸಿತು. ಆಮೇಲೆ ಹಿರಿಯರ ದನಿ, ನಿಧಾನವಾಗಿ. ಹಾಗಾದರೆ ಮಗನಿಗೆ ಹೇಳುತ್ತೇನೆ, ಅವನೂ ಹೊರಡಲಿ, ಇಷ್ಟು ದಿನ ಕಾಯುತ್ತಿದ್ದ ಎಂದರಂತೆ. ಫೋನ್ ಇಡುವ ಮೊದಲು, ಅವರ ಹೆಂಡತಿಯ ಜೊತೆ ಯಾರಾದರೂ ಇದ್ದಾರಾ ಎಂದು ಕೇಳಿದರು.

ಮಗಳಿದ್ದಾಳೆ, ನಾನಿದ್ದೇನೆ ಅಂದೆ.